ಹೊಟ್ಟೆಯ ಗುಟ್ಟು, ಚರಂಡಿಯ ಸಾಕ್ಷಿ

ನಮ್ಮ ಗ್ರಾಂಟ್ ರೋಡ್‌ಗೆ ಆ ಹೆಸರು ಬಂದದ್ದು 1835ರಿಂದ 1838ರವರೆಗೆ ಮುಂಬಯಿಯ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟ್ ಅವರಿಂದ. 1845ರಲ್ಲಿ ಭಾಯಖಳಾದಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೂ ಅವರದೇ ಹೆಸರು. 1896ರಲ್ಲಿ ನಗರಕ್ಕೆ ಪ್ಲೇಗು ಬಂದಾಗ ಹಾಫ್‌ಕಿನ್ ಅವರು ಲಸಿಕೆ ಸಿದ್ಧಪಡಿಸಿದ್ದು ಆ ಕಾಲೇಜಿನಲ್ಲಿಯೇ. 1899ರಲ್ಲಿ ಅವರ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನಮೆಂಟ್ ಹೌಸ್‌ಗೆ ಸ್ಥಳಾಂತರಗೊಂಡಿತು. ಗ್ರಾಂಟ್ ರೋಡ್‌ನಿಂದ ಸ್ಲೋ ಲೋಕಲ್ ಹಿಡಿದು ನಾಲ್ಕನೆಯ ನಿಲ್ದಾಣವಾದ ಪ್ರಭಾದೇವಿಯಲ್ಲಿ ಇಳಿದು ಪರೇಲ್ ಕಡೆಗೆ ನಡೆದರೆ ಆ ಆವರಣ ಸಿಗುತ್ತದೆ. ಪ್ಲೇಗಿನ ಕಥೆಯನ್ನು ಬಲ್ಲ ಮುಂಬಯಿಗರು ಬಹಳ. ಅದೇ ಆವರಣದಲ್ಲಿ ನಡೆದ ಇನ್ನೊಂದು ಶೋಧದ ಕಥೆ ಅಷ್ಟಾಗಿ ಹೊರಗೆ ಬಂದಿಲ್ಲ. ಅದು ಪೋಲಿಯೊ ವೈರಾಣುವನ್ನು ಗುರುತಿಸಿದ ಕಥೆ.

ಪೋಲಿಯೊ ಎಂದೊಡನೆ ನಮಗೆ ನೆನಪಾಗುವುದು ಸೊರಗಿದ ಕಾಲು. ಆದರೆ ಅದು ಮೂಲತಃ ಹೊಟ್ಟೆಯ ಸೋಂಕು. ವೈರಾಣು ಬಾಯಿಯಿಂದ ಒಳಹೊಕ್ಕು, ಗಂಟಲು ಮತ್ತು ಕರುಳಿನಲ್ಲಿ ಬೆಳೆದು, ವಾರಗಟ್ಟಲೆ ಮಲದಲ್ಲಿ ಹೊರಬೀಳುತ್ತದೆ. ಸೋಂಕು ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅದು ನರಮಂಡಲವನ್ನು ತಲುಪಿ ಶಾಶ್ವತ ಅಂಗವೈಕಲ್ಯ ತರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕು ತಗುಲಿತ್ತೆಂಬ ಅರಿವೇ ಇರುವುದಿಲ್ಲ.

ಈ ಸತ್ಯ ಒಪ್ಪಿತವಾಗಲು ದಶಕಗಳೇ ಬೇಕಾದವು. 1912ರಲ್ಲಿಯೇ ಸ್ವೀಡನ್ನಿನ ಕಾರ್ಲ್ ಕ್ಲಿಂಗ್ ಮತ್ತು ಸಂಗಡಿಗರು ರೋಗಿಗಳ ಕರುಳಿನಲ್ಲಿ ವೈರಾಣುವನ್ನು ಕಂಡಿದ್ದರು. ಆದರೆ ನ್ಯೂಯಾರ್ಕಿನ ಪ್ರಭಾವಿ ವಿಜ್ಞಾನಿ ಸೈಮನ್ ಫ್ಲೆಕ್ಸ್‌ನರ್, ವೈರಾಣು ಮೂಗಿನ ಮೂಲಕ ನೇರವಾಗಿ ಮೆದುಳಿಗೆ ಹೋಗುತ್ತದೆಂದು ನಂಬಿದ್ದರು. ಅವರು ಪ್ರಯೋಗಕ್ಕೆ ಬಳಸಿದ್ದು ಭಾರತದಲ್ಲಿ ಹೇರಳವಾಗಿರುವ ಕೆಂಪುಮೋರೆಯ ರೀಸಸ್ ಕೋತಿಯನ್ನು. ಅದಕ್ಕೆ ಬಾಯಿಯ ಮೂಲಕ ಈ ಸೋಂಕು ಸುಲಭವಾಗಿ ತಗುಲುವುದಿಲ್ಲ. ಕೋತಿಯ ದೇಹಸ್ವಭಾವವೇ ಮನುಷ್ಯರಿಗೂ ಅನ್ವಯವಾಯಿತು. ಇದರ ಪರಿಣಾಮವಾಗಿ 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ದ್ರಾವಣ ಸಿಂಪಡಿಸಲಾಯಿತು. ರೋಗ ತಡೆಯಲಿಲ್ಲ, ಕೆಲವು ಮಕ್ಕಳು ವಾಸನೆಯ ಶಕ್ತಿಯನ್ನೇ ಕಳೆದುಕೊಂಡರು. ರೋಗದ ಹೆಸರು ತಿಳಿದಿದ್ದರೂ ಅದರ ನೆಲೆ ತಿಳಿಯದಿದ್ದರೆ ಚಿಕಿತ್ಸೆಯೇ ಪೀಡೆಯಾಗುತ್ತದೆ.

1949 ಎರಡು ಕಾರಣಗಳಿಗಾಗಿ ನೆನಪಿಡಬೇಕಾದ ವರ್ಷ. ಅಮೆರಿಕದಲ್ಲಿ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಅವರು ನರವಲ್ಲದ ಅಂಗಾಂಶದಲ್ಲಿಯೂ ಈ ವೈರಾಣುವನ್ನು ಬೆಳೆಸಬಹುದೆಂದು ತೋರಿಸಿದರು. ಕೋತಿಯನ್ನು ಕೊಲ್ಲದೆ, ಗಾಜಿನ ನಳಿಕೆಯಲ್ಲಿಯೇ ರೋಗನಿರ್ಣಯ ಸಾಧ್ಯವಾಯಿತು. ಅದೇ ವರ್ಷ ಮುಂಬಯಿಯಲ್ಲಿ ಪೋಲಿಯೊ ಸಂಶೋಧನಾ ಘಟಕ ಆರಂಭವಾಯಿತು. ಮುಂದೆ ಅದು ಹಾಫ್‌ಕಿನ್ ಆವರಣದ ಎಂಟೆರೊವೈರಸ್ ಸಂಶೋಧನಾ ಕೇಂದ್ರವಾಗಿ ಹೆಸರಾಯಿತು.

ಪಲ್ಸ್ ಪೋಲಿಯೊ ಅಭಿಯಾನದ ವರ್ಷಗಳಲ್ಲಿ ಈ ಕೇಂದ್ರದ ಹೊಣೆ ಹಿರಿದಾಯಿತು. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೂ, 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ಸಂಗ್ರಹಿಸಬೇಕು. ಅದು ಮಂಜುಗಡ್ಡೆಯ ತಂಪಿನಲ್ಲಿಯೇ ಪ್ರಯೋಗಾಲಯ ತಲುಪಬೇಕು. ಅಲ್ಲಿ ಅದನ್ನು ಜೀವಕೋಶಗಳ ಪದರಕ್ಕೆ ಸೇರಿಸಿ ಕಾಯುತ್ತಾರೆ. ಜೀವಕೋಶಗಳು ಮುದುಡಿ ಕಳಚಿಕೊಂಡರೆ ವೈರಾಣುವಿನ ಸುಳಿವು ಸಿಕ್ಕಂತೆ. ಬಳಿಕ ಅದು ಲಸಿಕೆಯದೋ ಕಾಡು ತಳಿಯದೋ ಎಂಬುದನ್ನು ಅದರ ವಂಶವಾಹಿಯ ಅಕ್ಷರಗಳನ್ನು ಓದಿ ನಿರ್ಧರಿಸುತ್ತಾರೆ.

ಆದರೆ ಕಾಲು ಸೋತ ಮಗುವನ್ನಷ್ಟೇ ಪರೀಕ್ಷಿಸಿದರೆ ಉಳಿದವರ ಗತಿಯೇನು? 2001ರಿಂದ ಮುಂಬಯಿಯಲ್ಲಿ ಕೊಳಚೆ ನೀರನ್ನೇ ಪರೀಕ್ಷಿಸತೊಡಗಿದರು. ದೇಶದಲ್ಲಿ ಈ ಕ್ರಮಬದ್ಧ ಕಣ್ಗಾವಲು ಮೊದಲಾದದ್ದು ಇಲ್ಲಿಯೇ. ಒಂದು ಬಾಟಲಿ ಚರಂಡಿ ನೀರಿನಲ್ಲಿ ಸಾವಿರಾರು ಮನೆಗಳ ಹೊಟ್ಟೆಯ ಸಮಾಚಾರವಿರುತ್ತದೆ. ಅದಕ್ಕೆ ಹೆಸರಿಲ್ಲ, ಜಾತಿಯಿಲ್ಲ, ವಿಳಾಸವಿಲ್ಲ. ಅದರಲ್ಲಿ ಸಿಕ್ಕ ಕಾಡು ವೈರಾಣುಗಳ ವಂಶ ಉತ್ತರ ಭಾರತದ ಕಡೆಗೆ ಬೆರಳು ತೋರಿತು. ಇಂಥಲ್ಲಿ ವಲಸೆಗಾರನನ್ನು ದೂರುವುದು ಸುಲಭ. ಮುಂಬಯಿಯಲ್ಲಿ ಹೊರಗಿನವರೆನಿಸಿಕೊಂಡ ಅನುಭವವಿರುವ ಕನ್ನಡಿಗರಾದ ನಮಗೆ ಆ ದೂರಿನ ಧಾಟಿ ಹೊಸದಲ್ಲ. ಆದರೆ ವೈರಾಣುವನ್ನು ಹೊತ್ತು ತಂದವನಿಗೆ ರೋಗವೇ ಇರಲಿಲ್ಲ. ತಾನು ಏನನ್ನು ಹೊತ್ತಿದ್ದೇನೆಂಬುದೂ ಅವನಿಗೆ ತಿಳಿದಿರಲಿಲ್ಲ. ಪ್ರಯೋಗಾಲಯ ಅವನ ಮೇಲೆ ತಪ್ಪು ಹೊರಿಸಲಿಲ್ಲ. ಲಸಿಕೆ ಎಲ್ಲಿಗೆ ತಲುಪಬೇಕೆಂಬುದನ್ನಷ್ಟೇ ಹೇಳಿತು.

ದೇಶದ ಚರಂಡಿಗಳಲ್ಲಿ ಕಾಡು ತಳಿ ಕೊನೆಯದಾಗಿ ಸಿಕ್ಕಿದ್ದು 2010ರ ನವೆಂಬರಿನಲ್ಲಿ, ಮುಂಬಯಿಯಲ್ಲಿ. ಕೊನೆಯ ರೋಗಿ ವರದಿಯಾದದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತಿಯ ಪ್ರಮಾಣಪತ್ರ ಬಂದಿತು. ರೋಗವಿಲ್ಲವೆಂದು ಸಾಧಿಸುವುದು ಇದೆಯೆಂದು ಸಾಧಿಸುವುದಕ್ಕಿಂತ ಕಷ್ಟ. ಹುಡುಕಿಯೂ ಸಿಗದಿರುವುದಕ್ಕೂ ಹುಡುಕದೆಯೇ ಸಿಗದಿರುವುದಕ್ಕೂ ಇರುವ ಅಂತರವನ್ನು ಕಾಯ್ದವರು, ನಾವು ಮೂಗು ಮುಚ್ಚಿಕೊಂಡು ದಾಟುವ ನಾಲೆಗಳಿಂದ ನೀರು ತುಂಬಿಕೊಂಡು ಹೋದ ಅನಾಮಿಕ ನೌಕರರು. ನಗರದ ಚರಿತ್ರೆಯಲ್ಲಿ ಗವರ್ನರರ ಹೆಸರಿಗೆ ಒಂದು ರಸ್ತೆಯುಂಟು. ಇವರಿಗೆ ಒಂದು ಸಾಲಾದರೂ ಸಲ್ಲಬೇಕು.