ಛಾಪಾ ಕಾಗದದ ಬಿಡುಗಡೆ | ನಮ್ಮ ಮೂರು ತಾಲ್ಲೂಕು, ಕಂತು 9

ಮೊದಲ ಫೋಟೋ ಜೂಮ್ ಮಾಡಿ ನೋಡಿ. ಹೆಸರುಗಳ ಮೇಲೆ ಬೇಕಂತಲೇ ಬೆರಳಿಟ್ಟಿದೀನಿ. 1959ರ ಛಾಪಾ ಕಾಗದ. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. ಅಜ್ಜಿಯ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿತ್ತು. ಗಂಡ ಹೆಂಡತಿಗೆ ಹೊಂದಾಣಿಕೆ ಆಗಲಿಲ್ಲ, ತೆರದ ಹಣ ವಾಪಸ್ ಮುಟ್ಟಿದೆ, ಇನ್ನು ಒಬ್ಬರ ಮೇಲೆ ಒಬ್ಬರಿಗೆ ಹಕ್ಕಿಲ್ಲ. ಬರೆದಿರೋದು ಇಷ್ಟೇ. ಕೆಳಗೆ ಐದು ಹೆಬ್ಬೆಟ್ಟು. ಅದರಲ್ಲಿ ಒಂದು ನನ್ನ ಚಿಕ್ಕಜ್ಜಿಯದು, ಅಂದ್ರೆ ಅಜ್ಜಿಯ ತಂಗಿ. ಆಗ ಅವರಿಗೆ ಹದಿನೇಳು ವರ್ಷ.

ನಮ್ಮದು ದೀವರ ಮನೆ. ಹತ್ತು ಸಮಸ್ತರು ಜಗಲಿ ಮೇಲೆ ಕೂತು, ಎಲೆಅಡಿಕೆ ಹಾಕ್ಕೊಂಡು ಮುಗಿಸಿದ ಡೈವೋರ್ಸ್ ಅದು. ಎರಡು ವರ್ಷ ಬಿಟ್ಟು ಚಿಕ್ಕಜ್ಜಿಗೆ ಕೂಡಿಕೆ ಆಯ್ತು. ಇಬ್ಬರು ಗಂಡುಮಕ್ಕಳು. 55 ವರ್ಷ ಸಂಸಾರ ಮಾಡಿದ ಮೇಲೆ ಚಿಕ್ಕಜ್ಜ ತೀರಿಕೊಂಡರು. ಹೋದ ವರ್ಷ ಅಡಿಕೆ ತೋಟ ಪಾಲು ಮಾಡೋವಾಗ ದಾಯಾದಿಗಳು ಒಂದು ಮಾತು ಎತ್ತಿದರು: ಮೊದಲನೇ ಗಂಡನಿಂದ ಕೋರ್ಟ್ ಬಿಡುಗಡೆ ಎಲ್ಲಿದೆ? ಅದಿಲ್ಲ ಅಂದ್ರೆ ಎರಡನೇದು ಮದುವೆಯೇ ಅಲ್ಲ. ಈಗ ದಾವೆ ನಡೀತಿದೆ. ಬಿಕಾಂ ಓದೋ ನನಗೆ ಕಾನೂನು ಎಲ್ಲಿಂದ ಬರಬೇಕು ಹೇಳಿ, ಆದ್ರೂ ಈ ಕಾಗದದ ಹಿಂದೆ ಬಿದ್ದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ.

ಕೋರ್ಟ್ ಬಂದ ಮೇಲೆ ಡೈವೋರ್ಸ್ ಬಂತು ಅಂತ ನಾವೆಲ್ಲ ಅಂದ್ಕೊಂಡಿದೀವಲ್ಲ, ನಮ್ಮ ಕಡೆ ಹಾಗಲ್ಲ. ಎಷ್ಟೋ ಸಮುದಾಯಗಳಲ್ಲಿ ಬಿಡುಗಡೆ, ಕೂಡಿಕೆ, ಸೀರುಡಿಕೆ ಮೊದಲಿಂದಲೇ ಇತ್ತು. ಇದನ್ನೆಲ್ಲ ಕೂತು ಬರೆಸಿದವರು ಯಾರು ಗೊತ್ತಾ? ಎಚ್.ವಿ. ನಂಜುಂಡಯ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಅಂತ ಪರೀಕ್ಷೆಗೆ ಓದಿರ್ತೀವಿ. ಅವರು ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರೂ ಆಗಿದ್ದರು. ಜಾತಿ ಜಾತಿಯ ಮದುವೆ, ಬಿಡುಗಡೆ, ಕೂಡಿಕೆಯ ಪದ್ಧತಿ ಸಂಗ್ರಹಿಸಿದರು. ಅವರು 1920ರಲ್ಲಿ ತೀರಿಕೊಂಡ ಮೇಲೆ ಅನಂತಕೃಷ್ಣ ಅಯ್ಯರ್ ಅದನ್ನ ಸಂಪುಟಗಳಾಗಿ ತಂದರು. ಪದ್ಧತಿ ಏನು ಅಂತ ತಿಳಿಯದೆ ತೀರ್ಪು ಬರೆಯೋದು ಕಷ್ಟ ಅಂತ ಆ ಕುರ್ಚಿಯಲ್ಲಿ ಕೂತವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ!

ಆದ್ರೆ ಎಲ್ಲರ ಮನೆಗೂ ಈ ಬಾಗಿಲು ಇರಲಿಲ್ಲ. ಬ್ರಾಹ್ಮಣರ ಮನೆಯ ಹೆಣ್ಣುಮಕ್ಕಳಿಗೆ ಗಂಡ ಬಿಟ್ಟರೂ ಬಿಡುಗಡೆ ಇಲ್ಲ, ಸತ್ತರೂ ಇನ್ನೊಂದು ಮದುವೆ ಇಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದು ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಿಸ್ತು. ದೇಶಕ್ಕೇ ಮುಂಚೆ. ಅದು ಆಸ್ತಿಯ ಮಾತಾಯ್ತು. ಬಿಡುಗಡೆಯ ಮಾತು ಬಂದಿದ್ದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ.

ಆ ಕಾಯ್ದೆಯಲ್ಲಿ 29ನೇ ಕಲಂ ಇದೆ. ನನ್ನ ಇಡೀ ಕಥೆ ನಿಂತಿರೋದು ಅದರ ಎರಡನೇ ಉಪಕಲಂ ಮೇಲೆ. ಪದ್ಧತಿ ಪ್ರಕಾರ ಬಿಡುಗಡೆ ಪಡೆಯೋ ಹಕ್ಕಿದ್ರೆ ಈ ಕಾಯ್ದೆ ಅದನ್ನ ಮುಟ್ಟಲ್ಲ ಅನ್ನುತ್ತೆ. ಹಾಗಾದ್ರೆ ಚಿಕ್ಕಜ್ಜಿಯ ಕಾಗದ ಸರಿ ತಾನೇ? ನಾನೂ ಕುಣಿದುಬಿಟ್ಟೆ. ವಕೀಲರು ನಕ್ಕರು. "ಕಾಗದ ಸಾಕಾಗಲ್ಲಪ್ಪ, ಪದ್ಧತಿ ಇತ್ತು ಅಂತ ಸಾಬೀತು ಮಾಡಬೇಕು" ಅಂದ್ರು.

2002ರಲ್ಲಿ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ಒಂದು ಪ್ರಕರಣದಲ್ಲಿ ಇದೇ ಆಗಿತ್ತು. ಬಿಡುಗಡೆ ಪತ್ರ ಇತ್ತು. ಒತ್ತಾಯ ಮಾಡಿ ಸಹಿ ಹಾಕಿಸಿಕೊಂಡರು ಅಂತ ಹೆಂಡತಿ ದಾವೆ ಹಾಕಿದ್ದರು. ಒತ್ತಾಯ ಇತ್ತೋ ಇಲ್ಲವೋ ಅದು ಆಮೇಲೆ, ಮೊದಲು ಆ ಸಮುದಾಯದಲ್ಲಿ ಇಂಥ ಬಿಡುಗಡೆ ಪದ್ಧತಿ ಇದೆ ಅಂತ ಯಾರು ಹೇಳಿದರು, ಯಾರು ಸಾಬೀತು ಮಾಡಿದರು ಅಂತ ಸುಪ್ರೀಂ ಕೋರ್ಟ್ ಕೇಳ್ತು. ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ವಿಚಾರಣೆ ಮಾಡಿ ಅಂತ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸ್ತು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆಯಿಂದ ಹೊರಗೆ ಹಾಕಿದ ಹುಡುಗಿಯೂ ಇರ್ತಾಳಲ್ಲ. ಕಾಗದ ಕಂಡ ತಕ್ಷಣ ಒಪ್ಪಿಬಿಟ್ರೆ ಅವಳ ಗತಿ?

ಪದ್ಧತಿ ಅಂದ್ರೆ ಬಹಳ ಕಾಲದಿಂದ, ನಡುವೆ ತಪ್ಪದೆ, ಒಂದೇ ರೀತಿ ನಡ್ಕೊಂಡು ಬಂದಿರಬೇಕು. ಅದನ್ನ ಹೇಳಬೇಕಾದವರು ಊರಿನ ಹಿರಿಯರು. ಹಳೆ ಕಾಗದ ಇನ್ನೂ ನಾಲ್ಕು ಸಿಕ್ಕರೆ ಬಲ. ಇಲ್ಲೇ ನಮಗೆ ಪೆಟ್ಟು ಬಿದ್ದಿರೋದು. ಪಂಚಾಯ್ತಿ ನಡೆದ ಊರು ಹೊಸನಗರ ತಾಲ್ಲೂಕಿನಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗೀತು, ಊರು ಶರಾವತಿ ಹಿನ್ನೀರಿನ ಅಡಿಗೆ ಹೋಯ್ತು. ಹೆಬ್ಬೆಟ್ಟು ಒತ್ತಿದವರ ಮನೆಗಳು ಒಂದು ಶಿವಮೊಗ್ಗದ ಕಡೆಗೆ, ಒಂದು ಸಾಗರದ ಕಡೆಗೆ ಚೆಲ್ಲಾಪಿಲ್ಲಿ. ಐವರಲ್ಲಿ ಈಗ ಉಳಿದಿರೋದು ಚಿಕ್ಕಜ್ಜಿ ಒಬ್ಬರೇ. ಮುಳುಗಡೆಯಲ್ಲಿ ಹೋಗಿದ್ದು ಗದ್ದೆ ಮನೆ ಅಂತ ಎಲ್ಲರೂ ಬರೀತಾರೆ. ಸಾಕ್ಷಿಯೂ ಹೋಗುತ್ತೆ ಅಂತ ನನಗೆ ಹೊಳೆದಿದ್ದು ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತಾಗ.

ಒಂದು ಸಮಾಧಾನ: ಇಂಥ ದಾವೆಯಲ್ಲಿ ಕೊಲೆ ಕೇಸಿನ ಹಾಗೆ ಎಳ್ಳಷ್ಟೂ ಅನುಮಾನ ಉಳಿಯದಂತೆ ಸಾಬೀತು ಮಾಡಬೇಕಿಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ತೂಗ್ತಾರೆ. ಇನ್ನೊಂದು, 1978ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 50 ವರ್ಷ ಗಂಡಹೆಂಡಿರಾಗಿ ಬಾಳಿದವರ ವಿಷಯದಲ್ಲಿ, ಇಷ್ಟು ಕಾಲ ಆದ ಮೇಲೆ ಮದುವೆ ಆಗಿದೆ ಅಂತಲೇ ಭಾವಿಸಬೇಕು, ಇಲ್ಲ ಅನ್ನೋರೇ ಸಾಬೀತು ಮಾಡಲಿ ಅಂತ ಹೇಳಿದೆ. ಆದ್ರೆ ಎದುರಿನವರು ಮೊದಲ ಮದುವೆಯನ್ನೇ ಮುಂದೆ ಮಾಡ್ತಿರೋದ್ರಿಂದ ಮತ್ತೆ ಈ ಕಾಗದಕ್ಕೇ ಬಂದು ನಿಲ್ಲಬೇಕು.

ಮಕ್ಕಳ ಪಾಲಿನ ಬಗ್ಗೆ ಅಷ್ಟು ಭಯ ಇಲ್ಲ. ಮದುವೆ ಅಸಿಂಧು ಆದರೂ ಮಕ್ಕಳು ಸಕ್ರಮ ಅನ್ನುತ್ತೆ 16ನೇ ಕಲಂ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಅದೂ ಕರ್ನಾಟಕದ್ದೇ ಕೇಸ್, ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಎಷ್ಟು ಬರ್ತಿತ್ತೋ ಅದರಲ್ಲಿ ಅಂಥ ಮಕ್ಕಳಿಗೂ ಪಾಲಿದೆ ಅಂತ ಹೇಳಿದೆ. ಹಾಗಾಗಿ ಮಾವಂದಿರು ಹೇಗೂ ಬಚಾವ್. ಸೋತರೆ ಚಿಕ್ಕಜ್ಜಿಗೆ ಮಾತ್ರ ಏನೂ ಇಲ್ಲ. ಮದುವೆಯೇ ಇಲ್ಲ ಅಂದ ಮೇಲೆ ಅವರು ವಿಧವೆಯೂ ಅಲ್ಲ.

ಇದನ್ನ ಅವರಿಗೆ ವಿವರಿಸೋಕೆ ಹೋದೆ. ಒಲೆ ಮುಂದೆ ಕೂತಿದ್ದರು. "ಹೆಂಡ್ತಿ ಅಲ್ದಿದ್ರೆ ಇಷ್ಟ್ ವರ್ಷ ಅಲ್ಲಿ ನಾನು ಯಾರಾಗಿದ್ದೆ ಮಗಾ? ಕೂಲಿಯವಳಾದ್ರೆ ಕೂಲಿ ಲೆಕ್ಕ ಹಾಕು, ನೀನು ಲೆಕ್ಕ ಓದ್ತೀಯಲ್ಲ" ಅಂದ್ರು. ಈಗ ಜೀವನಾಂಶದ ಕೇಸಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯ ಎಲ್ಲ ಪ್ರಮಾಣಪತ್ರದಲ್ಲಿ ಕೊಡಬೇಕು, 2020ರ ತೀರ್ಪಿನಿಂದ. ನಮ್ಮ ಬ್ಯಾಲೆನ್ಸ್ ಶೀಟ್ ಇದ್ದಂಗೇ. 1959ರ ಲೆಕ್ಕದಲ್ಲಿ ಹುಡುಗಿಗೆ ಬಂದಿದ್ದು ಏನೂ ಇಲ್ಲ, ತೆರ ವಾಪಸ್ ಕೊಟ್ಟಿದ್ದೇ ಅವಳ ಅಪ್ಪ. ಅದಕ್ಕೆ ಆ ಕಾಲವೇ ಚೆನ್ನಾಗಿತ್ತು ಅಂತ ಯಾರಾದ್ರೂ ಕಾಮೆಂಟ್ ಹಾಕಿದ್ರೆ ನಾನು ಒಪ್ಪಲ್ಲ. ಆ ಜಗಲಿ ಮೇಲೆ ಒಬ್ಬ ಹೆಂಗಸೂ ಕೂತಿರಲಿಲ್ಲ.

ಈಗ ನಿಮ್ಮ ಹತ್ರ ಒಂದು ಕೆಲಸ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ದೀವರ ಮನೆಯವರು ಯಾರಾದ್ರೂ ಓದ್ತಿದ್ರೆ, ಅಟ್ಟದ ಪೆಟ್ಟಿಗೆ, ಟ್ರಂಕು ಒಂದ್ಸಲ ನೋಡಿ. ಇಂಥ ಹಳೆ ಬಿಡುಗಡೆ ಪತ್ರ ಇದ್ರೆ ಅಥವಾ ಅಂಥ ಪಂಚಾಯ್ತಿ ಕಣ್ಣಾರೆ ಕಂಡ ಹಿರಿಯರಿದ್ರೆ ನನಗೆ ಮೆಸೇಜ್ ಮಾಡಿ. ಹೆಸರು ಎಲ್ಲೂ ಹಾಕಲ್ಲ. ಮುಂದಿನ ತಿಂಗಳು ಚಿಕ್ಕಜ್ಜಿಯ ಸಾಕ್ಷಿ ಇದೆ. ಸಾಗರಕ್ಕೆ ನಾನೇ ಕರ್ಕೊಂಡು ಹೋಗ್ತಿದೀನಿ, ಬೆಳಗಿನ ಮೊದಲ ಬಸ್ಸಿಗೆ.