ಬೆಟ್ಟದ ಚಾರಣಕ್ಕೆ ಹ್ಯಾಮ್ ರೇಡಿಯೊ: ಸೆಟ್ ಮತ್ತು ಆಂಟೆನಾದ ಆಯ್ಕೆ

ಏನಿದು?

ಲಾಭದ ಉದ್ದೇಶವಿಲ್ಲದೆ, ಪರವಾನಗಿ ಪಡೆದ ವ್ಯಕ್ತಿಗಳು ಸಂವಾದ, ಪ್ರಯೋಗ ಮತ್ತು ವಿಪತ್ತಿನ ಕಾಲದ ನೆರವಿಗಾಗಿ ನಡೆಸುವ ರೇಡಿಯೊ ಸಂಪರ್ಕವೇ ಹವ್ಯಾಸಿ ರೇಡಿಯೊ. ಜನಬಳಕೆಯಲ್ಲಿ ಇದು ಹ್ಯಾಮ್ ರೇಡಿಯೊ. ಇದರ ಅಂಗೈ ಗಾತ್ರದ ಸೆಟ್ಟನ್ನು ಹ್ಯಾಮ್‌ಗಳು ‘ಹ್ಯಾಂಡಿ’ ಎಂದು ಕರೆಯುತ್ತಾರೆ. ನೋಡಲು ಪೊಲೀಸರ ವಾಕಿಟಾಕಿಯಂತೆಯೇ ಇರುವ ಇದು ಭಾರತದಲ್ಲಿ ಮುಖ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ಮತ್ತು 434ರಿಂದ 438 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ತರಂಗದೂರದ ಲೆಕ್ಕದಲ್ಲಿ ಮೊದಲನೆಯದು ಎರಡು ಮೀಟರ್ ಪಟ್ಟಿ, ಎರಡನೆಯದು 70 ಸೆಂಟಿಮೀಟರ್ ಪಟ್ಟಿ.

ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಮಧುಗಿರಿ, ಕೊರಟಗೆರೆ, ಶಿರಾ ಮತ್ತು ಪಾವಗಡಗಳಲ್ಲಿ ಬಯಲಿನ ನಡುವೆ ಥಟ್ಟನೆ ಎದ್ದು ನಿಂತ ಗ್ರಾನೈಟ್ ಬೆಟ್ಟಗಳಿವೆ. ರೇಡಿಯೊ ಅಲೆಗೆ ಇಂಥ ನೆಲ ಒಮ್ಮೆ ಮಿತ್ರ, ಒಮ್ಮೆ ಶತ್ರು. ಬೆಟ್ಟದ ನೆತ್ತಿಯ ಮೇಲೆ ಅಲೆಗೆ ಅಡ್ಡಿಯೇ ಇರುವುದಿಲ್ಲ; ಅದೇ ಬೆಟ್ಟದ ಮರೆಗೆ ಸರಿದರೆ ಎಂಥ ಸೆಟ್ಟೂ ಮೂಕವಾಗುತ್ತದೆ.

ಪರವಾನಗಿ

ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಹ್ಯಾಮ್ ಪರವಾನಗಿ ದೊರೆಯುತ್ತದೆ. 12 ವರ್ಷ ತುಂಬಿದವರು ಪರೀಕ್ಷೆಗೆ ಅರ್ಹರು. ಜನರಲ್ ದರ್ಜೆಯವರ ಕರೆಸಂಕೇತ ವಿಯು2 ಎಂದು, ರಿಸ್ಟ್ರಿಕ್ಟೆಡ್ ದರ್ಜೆಯವರದು ವಿಯು3 ಎಂದು ಆರಂಭವಾಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಈ ಪರೀಕ್ಷೆಗೆ ತರಬೇತಿ ನೀಡುತ್ತದೆ. ಪರವಾನಗಿ ಇಲ್ಲದವರಿಗೆ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಅಲ್ಪಶಕ್ತಿಯ ವಾಕಿಟಾಕಿಗಳು ಮುಕ್ತವಾಗಿವೆ. ಕಿರಿದಾದ ಗುಂಪೊಂದು ಒಟ್ಟಿಗೆ ನಡೆಯಲು ಅವೇ ಸಾಕು.

ಅಲೆ ಎಷ್ಟು ದೂರ ಹೋಗುತ್ತದೆ?

ಈ ಪಟ್ಟಿಗಳ ಅಲೆಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತವನ ಕೈಯ ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿಲೋಮೀಟರ್. ಶಿರಾದ ಸಮತಟ್ಟು ಹೊಲಗಳಲ್ಲಿ ನಿಂತ ಇಬ್ಬರಿಗೆ ಇದು 10 ಕಿಲೋಮೀಟರ್ ಆಗಬೇಕು. ಆದರೆ ತೋಟ, ಊರು, ಕೆರೆಯ ಏರಿಗಳು ಅಡ್ಡ ಬರುವುದರಿಂದ ವಾಸ್ತವದಲ್ಲಿ ಅರ್ಧ ದಕ್ಕುವುದೂ ಕಷ್ಟ.

ಮಧುಗಿರಿಯ ಏಕಶಿಲಾ ಬೆಟ್ಟ ಸುತ್ತಲ ಬಯಲಿಗಿಂತ ಸುಮಾರು 400 ಮೀಟರ್ ಎತ್ತರವಿದೆ. ಅದರ ನೆತ್ತಿಯಿಂದ ದಿಗಂತ 82 ಕಿಲೋಮೀಟರ್. ನೇರ ರೇಖೆಯಲ್ಲಿ ಕೊರಟಗೆರೆ ಅಲ್ಲಿಂದ ಸುಮಾರು 15 ಕಿಲೋಮೀಟರ್, ಶಿರಾ ಮತ್ತು ತುಮಕೂರು 35ರ ಆಸುಪಾಸು, ಪಾವಗಡ 50ರ ಹತ್ತಿರ. ನಡುವೆ ಇನ್ನೊಂದು ಬೆಟ್ಟ ಅಡ್ಡ ನಿಲ್ಲದಿದ್ದರೆ ಈ ದೂರಗಳಿಗೆ 5 ವ್ಯಾಟ್ ಧಾರಾಳ. ಒಂದು ವ್ಯಾಟಿನಲ್ಲೂ ಮಾತು ಮುಟ್ಟುತ್ತದೆ. ‘8 ವ್ಯಾಟ್’, ‘10 ವ್ಯಾಟ್’ ಎಂದು ದೊಡ್ಡಕ್ಷರದಲ್ಲಿ ಬರೆದ ಪೆಟ್ಟಿಗೆಗಳಿಗೆ ಮರುಳಾಗಬೇಕಿಲ್ಲ. ಶಕ್ತಿ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕೇಳುವವನ ಕಿವಿಗೆ ಅದು ತಿಳಿಯುವುದೇ ಅಪರೂಪ, ಬ್ಯಾಟರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಆಂಟೆನಾದ ಆಯ್ಕೆ

ಸೆಟ್ಟಿನೊಂದಿಗೆ ಬರುವ ಗಿಡ್ಡ ರಬ್ಬರ್ ಆಂಟೆನಾ ‘ರಬ್ಬರ್ ಡಕ್’ ಎಂದು ಪ್ರಸಿದ್ಧ. ಎರಡು ಮೀಟರ್ ಪಟ್ಟಿಗೆ ಬೇಕಾದ ಕಾಲು ತರಂಗದ ಉದ್ದ ಸುಮಾರು 49 ಸೆಂಟಿಮೀಟರ್. ಅದನ್ನು ಸುರುಳಿಯಾಗಿ ಸುತ್ತಿ ಗೇಣುದ್ದಕ್ಕೆ ಇಳಿಸಿದ್ದರಿಂದ ಶಕ್ತಿಯ ದೊಡ್ಡ ಪಾಲು ಅಲೆಯಾಗದೆ ವ್ಯರ್ಥವಾಗುತ್ತದೆ. ಆದ್ದರಿಂದ ಚಾರಣಿಗ ಮೊದಲು ಖರೀದಿಸಬೇಕಾದದ್ದು 49 ಸೆಂಟಿಮೀಟರ್‌ನ ಬಳುಕುವ ಕಡ್ಡಿ ಆಂಟೆನಾ. ಈ ಉದ್ದವು 70 ಸೆಂಟಿಮೀಟರ್ ಪಟ್ಟಿಗೆ ಮುಕ್ಕಾಲು ತರಂಗವಾಗುವುದರಿಂದ ಒಂದೇ ಕಡ್ಡಿ ಎರಡೂ ಪಟ್ಟಿಗೆ ಒದಗುತ್ತದೆ.

ಕಾಲು ತರಂಗದ ಆಂಟೆನಾ ಅರ್ಧ ಆಂಟೆನಾ ಮಾತ್ರ. ಉಳಿದರ್ಧದ ಕೆಲಸವನ್ನು ಸೆಟ್ಟಿನ ಲೋಹವೂ ಹಿಡಿದವರ ಕೈಯೂ ಅರೆಮನಸ್ಸಿನಿಂದ ಮಾಡುತ್ತವೆ. ಆಂಟೆನಾದ ಬುಡದ ಹೊರಲೋಹಕ್ಕೆ 49 ಸೆಂಟಿಮೀಟರ್ ಉದ್ದದ ಸಾಧಾರಣ ತಂತಿಯೊಂದನ್ನು ಕಟ್ಟಿ ಇಳಿಬಿಟ್ಟರೆ ಈ ಕೊರತೆ ನೀಗುತ್ತದೆ. ಇದಕ್ಕೆ ‘ಹುಲಿಬಾಲ’ ಎಂಬ ಹೆಸರಿದೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಫಲ ಸ್ಪಷ್ಟ.

ಬಯಲಿನಲ್ಲಿ ಬಿಡಾರ ಹೂಡುವವರಿಗೆ ಜೆ-ಪೋಲ್ ಒಳ್ಳೆಯದು. ಹಳೆಯ ಟಿ.ವಿ. ಆಂಟೆನಾಗಳಿಗೆ ಬಳಸುತ್ತಿದ್ದ 300 ಓಮ್‌ನ ಚಪ್ಪಟೆ ತಂತಿಯಿಂದ ಇದನ್ನು ಮನೆಯಲ್ಲೇ ತಯಾರಿಸಬಹುದು. ಒಂದೂವರೆ ಮೀಟರ್‌ನಷ್ಟು ಉದ್ದದ ಈ ತಂತಿ ಸುತ್ತಿದರೆ ಜೇಬಿನಲ್ಲಿ ಹಿಡಿಸುತ್ತದೆ. ಬೇವಿನ ಕೊಂಬೆಗೆ ನೂಲಿನಿಂದ ಏರಿಸಿದರೆ ಆಂಟೆನಾ ನಾಲ್ಕೈದು ಮೀಟರ್ ಎತ್ತರಕ್ಕೆ ಹೋಗುತ್ತದೆ, ದಿಗಂತ ಇಮ್ಮಡಿಯಾಗುವ ಹಾದಿಯಲ್ಲಿರುತ್ತದೆ. ಬೋಳು ಬಂಡೆಯ ನೆತ್ತಿಯಲ್ಲಿ ಕಟ್ಟಲು ಮರವೂ ಇಲ್ಲ, ಅಗತ್ಯವೂ ಇಲ್ಲ.

ಮೂರು ಕಡ್ಡಿಗಳ ಯಾಗಿ ಆಂಟೆನಾ ಒಂದೇ ದಿಕ್ಕಿಗೆ ಶಕ್ತಿಯನ್ನು ಒಗ್ಗೂಡಿಸುತ್ತದೆ. ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪಿನಿಂದ ಮಾಡಿದ ಯಾಗಿಯನ್ನು ಮಡಚಿ ಒಯ್ಯಬಹುದು. ದೂರದ ರಿಪೀಟರ್ (ಸಂಕೇತವನ್ನು ಮರುಪ್ರಸಾರ ಮಾಡುವ ಕೇಂದ್ರ) ಹಿಡಿಯಲು ಇದು ಸಮರ್ಥ, ನಡೆಯುತ್ತ ಮಾತಾಡಲು ಅಲ್ಲ. ಯಾವ ಆಂಟೆನಾ ಆದರೂ ನೆಟ್ಟಗೆ ಹಿಡಿಯಬೇಕು. ಒಬ್ಬರದು ನಿಂತು ಇನ್ನೊಬ್ಬರದು ಮಲಗಿದರೆ ಧ್ರುವೀಕರಣ ಹೊಂದದೆ ಸಂಕೇತ ಬಹಳ ಕುಗ್ಗುತ್ತದೆ.

ಸೆಟ್ಟಿನ ಆಯ್ಕೆ

2012ರಲ್ಲಿ ಬಂದ ಚೀನಾದ ಬಾವ್‌ಫೆಂಗ್ ಯುವಿ-5ಆರ್ ಅಗ್ಗದ ಬೆಲೆಯಿಂದ ಜನಪ್ರಿಯವಾಯಿತು. ಅದರ ಗ್ರಾಹಕ (ರಿಸೀವರ್) ಭಾಗ ಒಂದೇ ಚಿಪ್‌ನಲ್ಲಿ ಅಡಗಿರುವುದರಿಂದ ಪ್ರಬಲ ಪ್ರಸಾರ ಗೋಪುರಗಳ ಸಮೀಪ ಕಿವುಡಾಗುತ್ತದೆ. ಆಂಟೆನಾ ಉತ್ತಮವಾದಷ್ಟೂ ಈ ದೋಷ ಹೆಚ್ಚುತ್ತದೆ. ಜಪಾನಿನ ಯಾಎಸು ಕಂಪನಿಯ ಎಫ್‌ಟಿ-60 ಮಾದರಿಯ ಸೂಪರ್‌ಹೆಟ್ (ಸಂಕೇತವನ್ನು ಮಧ್ಯಂತರ ಆವೃತ್ತಿಗೆ ಇಳಿಸಿ ಸೋಸುವ) ಗ್ರಾಹಕಗಳು ಇಂಥ ಒತ್ತಡವನ್ನು ಚೆನ್ನಾಗಿ ತಾಳುತ್ತವೆ. ಊರಿನಿಂದ ದೂರದ ಬೆಟ್ಟಗಳಲ್ಲಿ ಅಗ್ಗದ ಸೆಟ್ಟೂ ನಿಭಾಯಿಸುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅದು ಪೊಲೀಸ್, ಅರಣ್ಯ ಇಲಾಖೆಗಳ ಆವೃತ್ತಿಗಳಲ್ಲೂ ಪ್ರಸಾರ ಮಾಡಬಲ್ಲದು. ಹಾಗೆ ಮಾಡುವುದು ಅಪರಾಧ. ವಾಕಿಟಾಕಿಗಳ ಆನ್‌ಲೈನ್ ಮಾರಾಟಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸಾಧನಕ್ಕೆ ಸರ್ಕಾರದ ಅನುಮೋದನೆ ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಕನೆಕ್ಟರ್‌ನ ಬಗೆಯನ್ನೂ ಗಮನಿಸಬೇಕು. ಯುವಿ-5ಆರ್‌ಗೆ ಎಸ್‌ಎಂಎ ಫೀಮೇಲ್ ಆಂಟೆನಾ ಬೇಕು, ಎಫ್‌ಟಿ-60ಕ್ಕೆ ಮೇಲ್. ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಸೆಟ್ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಹಾಳಾಗುತ್ತದೆ.

ನಾಲ್ಕು ತಾಲ್ಲೂಕುಗಳಲ್ಲಿ ಬಳಕೆ

ಮಧುಗಿರಿ ಬೆಟ್ಟದ ಕಡಿದಾದ ಭಾಗಗಳಲ್ಲಿ ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಬೇಕು. ಎರಡೂ ಕೈ ಬೇಕಾದ ಅಂಥಲ್ಲಿ ಉದ್ದ ಕಡ್ಡಿ ತೊಡಕು. ಅದನ್ನು ಚೀಲದಲ್ಲಿಟ್ಟು ಗಿಡ್ಡ ಆಂಟೆನಾದಿಂದಲೇ ಏರಿ, ಮೇಲೆ ಹೋಗಿ ಬದಲಿಸುವುದು ಜಾಣತನ. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಗುಹೆಯೊಳಗೆ ಹೊಕ್ಕ ಮೇಲೆ ರೇಡಿಯೊವನ್ನು ನಂಬಬಾರದು. ಹೊರಗೆ ಬಂದೇ ಕರೆಯಬೇಕು. ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರಪ್ರದೇಶ ಸುತ್ತುವರಿದಿದೆ. ಹ್ಯಾಮ್ ಪರವಾನಗಿ ಕೇಂದ್ರ ಸರ್ಕಾರದ್ದಾದ್ದರಿಂದ ಗಡಿ ದಾಟಿದ ಮಾತ್ರಕ್ಕೆ ಬೇರೆ ಪರವಾನಗಿ ಬೇಕಿಲ್ಲ.

ಗುಡುಗು ಕೇಳಿಸಿದ ಕೂಡಲೇ ನೆತ್ತಿಯಿಂದ ಇಳಿಯಬೇಕು, ಎತ್ತರದ ಆಂಟೆನಾ ಬಿಚ್ಚಬೇಕು. ಇನ್ನೊಂದು ಬದಿಯಲ್ಲಿ ಕೇಳುವವರೇ ಇಲ್ಲದಿದ್ದರೆ ಎಂಥ ಆಂಟೆನಾವೂ ವ್ಯರ್ಥ. ಹತ್ತುವ ಮುನ್ನವೇ ಪರವಾನಗಿ ಇರುವ ಇನ್ನೊಬ್ಬ ಹ್ಯಾಮ್ ಜೊತೆ ಆವೃತ್ತಿಯನ್ನೂ ಕರೆಯುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಿ. ಮೊಬೈಲ್ ಸಿಗ್ನಲ್ ಇರುವ ಕಡೆ ತುರ್ತಿಗೆ ಮೊದಲು 112ಕ್ಕೇ ಕರೆ ಮಾಡಿ.