ಅಬಿಜಾನ್‌ನಿಂದ ಲಾಗೋಸ್‌ಗೆ: ಒಂದು ಲಾರಿ ದಾರಿಯ ಇತಿಹಾಸ

ಆಫ್ರಿಕಾ ಖಂಡದ ಭೂಪಟವೊಂದನ್ನು ಎದುರಿಗಿಟ್ಟುಕೊಂಡು ಈ ಲೇಖನವನ್ನು ಓದಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿ. ಖಂಡದ ಪಶ್ಚಿಮ ಭಾಗದಲ್ಲಿ, ಗಿನಿ ಕೊಲ್ಲಿಯ ದಂಡೆಯ ಮೇಲೆ, ಐವರಿ ಕೋಸ್ಟ್ ದೇಶದ ಅಬಿಜಾನ್ ಮತ್ತು ನೈಜೀರಿಯಾದ ಲಾಗೋಸ್ ಎಂಬ ಎರಡು ದೊಡ್ಡ ಬಂದರು ನಗರಗಳಿವೆ. ಇವುಗಳ ನಡುವಿನ ಕರಾವಳಿ ರಸ್ತೆ ಸುಮಾರು 1,000 ಕಿಲೋಮೀಟರ್. ನಮ್ಮ ಬೆಂಗಳೂರಿನಿಂದ ಮುಂಬಯಿಗೆ ಇರುವಷ್ಟೇ ದೂರ. ಆದರೆ ಈ ದಾರಿಯಲ್ಲಿ ಹೋಗುವ ಸರಕು ಲಾರಿ ಐವರಿ ಕೋಸ್ಟ್, ಘಾನಾ, ಟೋಗೋ, ಬೆನಿನ್, ನೈಜೀರಿಯಾ ಎಂಬ ಐದು ದೇಶಗಳಲ್ಲಿ ಸಾಗಿ ನಾಲ್ಕು ಗಡಿಗಳನ್ನು ದಾಟಬೇಕು. ಚಾಲಕನ ಜೇಬಿನಲ್ಲಿ ಮೂರು ಬಗೆಯ ನಾಣ್ಯವಿರಬೇಕು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡು ಭಾಷೆಗಳ ಅಧಿಕಾರಿಗಳೊಡನೆ ವ್ಯವಹರಿಸಬೇಕು.

ಈ ಗಡಿಗಳು ಅಲ್ಲಿನ ಜನ ಎಳೆದುಕೊಂಡವಲ್ಲ. ಘಾನಾ, ನೈಜೀರಿಯಾ ಬ್ರಿಟಿಷರ ಪಾಲಾಗಿದ್ದರೆ, ಐವರಿ ಕೋಸ್ಟ್ ಹಾಗೂ ಆಗ ಡಹೋಮಿ ಎನಿಸಿದ್ದ ಬೆನಿನ್ ಫ್ರೆಂಚರದಾಗಿದ್ದವು. ಜರ್ಮನರ ವಶದಲ್ಲಿದ್ದ ಟೋಗೋಲ್ಯಾಂಡನ್ನು ಮೊದಲ ಮಹಾಯುದ್ಧದ ತರುವಾಯ ಇವರಿಬ್ಬರೂ ಹಂಚಿಕೊಂಡರು. ಎವೆ ಭಾಷೆಯನ್ನಾಡುವ ಒಂದೇ ಜನಾಂಗ ಗಡಿಯ ಎರಡೂ ಬದಿಗೆ ಉಳಿಯಿತು. ವಸಾಹತುಕಾಲದ ರೈಲು, ರಸ್ತೆಗಳು ಒಳನಾಡಿನ ಬೆಳೆಯನ್ನು ಬಂದರಿಗೆ ತರಲು ಹುಟ್ಟಿದವೇ ಹೊರತು, ನೆರೆಯವನ ಬಂದರನ್ನು ಮುಟ್ಟಲು ಅಲ್ಲ.

1957ರಲ್ಲಿ ಘಾನಾ, 1960ರಲ್ಲಿ ಉಳಿದ ನಾಲ್ಕು ದೇಶಗಳು ಸ್ವತಂತ್ರವಾದವು. ಆಗ ಒಂದು ವಿಚಿತ್ರ ತೊಡಕು ಉಳಿದಿತ್ತು. ಬ್ರಿಟಿಷರಿದ್ದ ದೇಶಗಳಲ್ಲಿ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೂ, ಫ್ರೆಂಚರಿದ್ದಲ್ಲಿ ಬಲಕ್ಕೂ ಓಡುತ್ತಿದ್ದವು. ನಾಲ್ಕರಲ್ಲಿ ಮೂರು ಗಡಿಗಳಲ್ಲಿ ಚಾಲಕ ಬದಿ ಬದಲಿಸಬೇಕಿತ್ತು. ಈ ತೊಡಕನ್ನು ನಿವಾರಿಸಲು ನೈಜೀರಿಯಾ 1972ರ ಏಪ್ರಿಲ್ 2ರಂದು, ಘಾನಾ 1974ರ ಆಗಸ್ಟ್ 4ರಂದು ಬಲಬದಿಗೆ ಹೊರಳಿದವು. ನೆರೆಯವರೊಡನೆ ಹೊಂದಿಕೊಳ್ಳಲು ಒಂದು ದೇಶ ತನ್ನ ಎಲ್ಲ ಚಾಲಕರ, ಪಾದಚಾರಿಗಳ ಅಭ್ಯಾಸವನ್ನೇ ಬದಲಿಸುವುದು ಸಾಮಾನ್ಯ ಸಂಗತಿಯೇ?

1975ರ ಮೇ 28ರಂದು ಲಾಗೋಸ್‌ನಲ್ಲಿಯೇ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯ ಸ್ಥಾಪನೆಯಾಯಿತು. ಸದಸ್ಯ ದೇಶಗಳ ಪ್ರಜೆಗಳು ವೀಸಾ ಇಲ್ಲದೆ 90 ದಿನ ಇರಬಹುದೆಂದು 1979ರಲ್ಲಿ ಒಪ್ಪಿದರು. 1982ರಲ್ಲಿ ಸರಕು ಸಾಗಣೆಗೂ ಒಪ್ಪಂದವಾಯಿತು. ಹೊರಡುವಲ್ಲಿ ಸುಂಕದ ಅಧಿಕಾರಿಗಳು ಲಾರಿಗೆ ಮೊಹರು ಹಾಕಬೇಕು, ನಡುವಿನ ದೇಶಗಳಲ್ಲಿ ಅದನ್ನು ಒಡೆಯಬಾರದು, ಸುಂಕಕ್ಕೆ ಒಂದೇ ಜಾಮೀನು ದಾರಿಯುದ್ದಕ್ಕೂ ಸಲ್ಲಬೇಕು ಎಂಬುದು ಅದರ ಸಾರ. ಆಚರಣೆಯಲ್ಲಿ ಮಾತ್ರ ಆಯಾ ದೇಶ ತನ್ನದೇ ಜಾಮೀನನ್ನು ಮತ್ತೆ ಕೇಳುತ್ತಲೇ ಬಂದಿತು.

ಈ ಒಪ್ಪಂದಗಳ ಬೆಲೆ ಎಷ್ಟೆಂಬುದು 1983ರಲ್ಲಿ ತಿಳಿಯಿತು. ತೈಲದ ಸಿರಿ ಉಕ್ಕಿದ್ದ ನೈಜೀರಿಯಾಕ್ಕೆ ಘಾನಾದಿಂದ ಅಪಾರ ಜನ ದುಡಿಯಲು ಹೋಗಿದ್ದರು. ಅವರಲ್ಲಿ ಶಾಲಾ ಶಿಕ್ಷಕರೂ ಬಹುಸಂಖ್ಯೆಯಲ್ಲಿದ್ದರು. ನಮ್ಮ ದೇಶದಿಂದಲೂ ಅನೇಕ ಶಿಕ್ಷಕರು ಆ ಕಾಲದಲ್ಲಿ ಅಲ್ಲಿಗೆ ಹೋದುದನ್ನು ಹಿರಿಯರು ಬಲ್ಲರು. ತೈಲದ ಬೆಲೆ ಕುಸಿದಾಗ, ಅನುಮತಿಯಿಲ್ಲದ ಪರದೇಶಿಗಳು ಎರಡು ವಾರಗಳಲ್ಲಿ ಹೊರಡಬೇಕೆಂದು ಜನವರಿಯಲ್ಲಿ ಆಜ್ಞೆಯಾಯಿತು. ಘಾನಾವೂ 1969ರಲ್ಲಿ ನೈಜೀರಿಯದವರನ್ನು ಹೀಗೆಯೇ ಅಟ್ಟಿತ್ತು. ಸುಮಾರು ಹತ್ತು ಲಕ್ಷ ಘಾನಾದವರು ಸರಕಿನ ಲಾರಿಗಳಲ್ಲಿ ಕಿಕ್ಕಿರಿದು ಇದೇ ಕರಾವಳಿ ದಾರಿ ಹಿಡಿದರು. ಆದರೆ ಘಾನಾ ತನ್ನ ಗಡಿಯನ್ನು ಹಿಂದಿನ ವರ್ಷವೇ ಮುಚ್ಚಿತ್ತು. ಅದು ತೆರೆಯದೆ ಟೋಗೋ ತನ್ನದನ್ನು ತೆರೆಯಲೊಲ್ಲದು. ಜನ ಬೆನಿನ್‌ನಲ್ಲಿ ಸಿಕ್ಕಿಬಿದ್ದರು. ಜನವರಿ 29ರಂದು ಘಾನಾ ಗಡಿ ತೆರೆದ ಮೇಲೆಯೇ ಅವರಿಗೆ ಬಿಡುಗಡೆ. ಅವರು ಬಟ್ಟೆಬರೆ ತುಂಬಿಕೊಂಡ ಚೌಕಳಿಯ ಪ್ಲಾಸ್ಟಿಕ್ ಚೀಲಕ್ಕೆ ಅಲ್ಲಿ ಇಂದಿಗೂ ‘ಘಾನಾ ಮಸ್ಟ್ ಗೋ’ ಎಂದೇ ಹೆಸರು.

2018ರ ಅಕ್ಟೋಬರ್‌ನಲ್ಲಿ ಬೆನಿನ್ ಮತ್ತು ನೈಜೀರಿಯಾ ನಡುವೆ ಸೆಮೆ-ಕ್ರಾಕೆ ಎಂಬಲ್ಲಿ ಜಂಟಿ ಗಡಿ ಠಾಣೆ ಉದ್ಘಾಟನೆಯಾಯಿತು. ಎರಡೂ ದೇಶದ ಅಧಿಕಾರಿಗಳು ಒಂದೆಡೆ ಕುಳಿತು ತಪಾಸಣೆ ಮಾಡಿದರೆ ಲಾರಿ ಎರಡು ಬಾರಿ ನಿಲ್ಲಬೇಕಿಲ್ಲ. ಹತ್ತು ತಿಂಗಳೂ ಕಳೆದಿರಲಿಲ್ಲ; ಅಕ್ಕಿಯ ಕಳ್ಳಸಾಗಣೆ ತಡೆಯಲೆಂದು 2019ರ ಆಗಸ್ಟ್‌ನಲ್ಲಿ ನೈಜೀರಿಯಾ ತನ್ನ ಭೂಗಡಿಗಳನ್ನು ಸರಕಿಗೆ ಮುಚ್ಚಿತು. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಅದು ಸಹಿ ಹಾಕಿದ್ದು ಅದೇ ಜುಲೈನಲ್ಲಿ! ಬೇಗ ಕೆಡುವ ಸರಕು ಲಾರಿಗಳಲ್ಲೇ ಕೊಳೆಯಿತು. ಗಡಿ ಮತ್ತೆ ತೆರೆಯತೊಡಗಿದ್ದು 2020ರ ಡಿಸೆಂಬರ್‌ನಲ್ಲಿ. 1984ರಲ್ಲಿ ಸೇನಾಡಳಿತಗಾರರಾಗಿ ಗಡಿ ಮುಚ್ಚಿದ್ದ ಮುಹಮ್ಮದು ಬುಹಾರಿ ಅವರೇ ಈ ಬಾರಿಯೂ, ಚುನಾಯಿತ ಅಧ್ಯಕ್ಷರಾಗಿ, ಮುಚ್ಚಿದವರು.

ನಮ್ಮಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ತೆರವಾದವು. ಒಂದೇ ಸಂಸತ್ತಿನ ಕೆಳಗಿದ್ದ ನಮಗೂ ಅದಕ್ಕೆ ಎಪ್ಪತ್ತು ವರ್ಷ ಹಿಡಿಯಿತು. ಐದು ಸಾರ್ವಭೌಮ ದೇಶಗಳ ಕಷ್ಟವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಬಿಜಾನ್-ಲಾಗೋಸ್ ನಡುವೆ ಆರು ಪಥಗಳ ಹೆದ್ದಾರಿ ನಿರ್ಮಿಸಲು ಆ ಐದು ದೇಶಗಳು 2014ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಹೆದ್ದಾರಿಗೆ ಸಾಲ ದೊರೆಯಬಹುದು. ಆದರೆ ನಾಳೆ ಬೆಳಿಗ್ಗೆಯೂ ಗಡಿ ತೆರೆದಿರುತ್ತದೆಂಬ ಭರವಸೆಯನ್ನು ಆ ಸರಕಾರಗಳೇ ಲಾರಿಯವನಿಗೆ ಕೊಡಬೇಕು.

ಸಾರಿಗೆ ವೃತ್ತಿಯಲ್ಲಿರುವ ನನ್ನ ಶಿಷ್ಯರು ಹಲವರಿದ್ದಾರೆ. ಚೆಕ್‌ಪೋಸ್ಟ್‌ಗಳ ಕಾಲದ ತಮ್ಮ ಅನುಭವಗಳನ್ನು ಅವರು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.